ಅಪ್‌ಡೇಟ್: ಸ್ಪೇನ್‌ನಲ್ಲಿ ಕೊನೆಗೂ ಎಸ್1 ಫಾರಂ ಕೆಲಸ ಮಾಡಿತು

ಬ್ರಿಟನ್‌ನಲ್ಲಿ ನಿವೃತ್ತಿಯಾಗಿ ಸ್ಪೇನ್‌ಗೆ ಬಂದಿದ್ದೇವೆ, ಖಾಸಗಿ ಆರೋಗ್ಯ ವಿಮೆಯ ಕಂತು ವರ್ಷ ವರ್ಷ ಏರುತ್ತಿದೆ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೆ. ಇದೆ! ಎಸ್1 ಫಾರಂ ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಪಡೆಯಲು ಬ್ರಿಟನ್ ಕೊಡುವ ಪತ್ರ ಅದು. ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಬರುವವರಿಗೆ ಇದು ಸಿಗುತ್ತದೆ, ಖರ್ಚು ಬ್ರಿಟನ್ನಿನದೇ. ನನ್ನ ಅವಲಂಬಿತಳಾಗಿ ಹೆಂಡತಿಯೂ ಸೇರಿದಳು.

ಒಂದು ಎಡವಟ್ಟು ಮಾಡಿಕೊಂಡೆ. ಫಾರಂ ಬಂದ ಖುಷಿಯಲ್ಲಿ ಸೀದಾ ಆರೋಗ್ಯ ಕೇಂದ್ರಕ್ಕೆ ಹೋದೆ. ಕೌಂಟರ್‌ನಲ್ಲಿದ್ದವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆ ಅಲ್ಲಾಡಿಸಿ ವಾಪಸ್ ಕೊಟ್ಟರು. ಮೊದಲು ಸಾಮಾಜಿಕ ಭದ್ರತೆ ಕಚೇರಿಯಲ್ಲಿ ನೋಂದಣಿ ಆಗಬೇಕಂತೆ. ಅಲ್ಲಿ ಕೊಟ್ಟ ಪತ್ರ ತೋರಿಸಿದ ಮೇಲೆಯೇ ಆರೋಗ್ಯ ಕಾರ್ಡ್.

ವಿದೇಶಕ್ಕೆ ಹೋದಾಗ ಚಿಕಿತ್ಸೆಗೆಂದು ಬ್ರಿಟನ್ ಕೊಡುವ ಜಿಎಚ್‌ಐಸಿ ಕಾರ್ಡ್ ಸಾಕು ಅಂದಿದ್ದರು ಒಬ್ಬರು. ಸಾಲದು, ಅದು ತಾತ್ಕಾಲಿಕ ಭೇಟಿಗೆ ಮಾತ್ರ. ತಿಂಗಳ ಶುಲ್ಕ ಕಟ್ಟಿ ಸ್ಪೇನ್‌ನ ಸರ್ಕಾರಿ ಆರೋಗ್ಯ ಸೇವೆಗೆ ಸೇರುವ ‘ಕೊನ್ವೆನಿಯೊ ಎಸ್ಪೆಸಿಯಲ್’ ಯೋಜನೆಯೂ ಬೇಡವಾಯಿತು. 65 ದಾಟಿದವರಿಗೆ ತಲಾ ತಿಂಗಳಿಗೆ 157 ಯೂರೋ, ಮೇಲಾಗಿ ಔಷಧಕ್ಕೆ ರಿಯಾಯಿತಿಯೂ ಇಲ್ಲ. ಜಾಸ್ತಿ ಆಯ್ತು ಅಲ್ವಾ?

ಎಸ್1 ಇದ್ದರೂ ಎಲ್ಲ ಪುಕ್ಕಟೆ ಅಂದುಕೊಳ್ಳಬೇಡಿ. ಔಷಧದ ಬೆಲೆಯಲ್ಲಿ ನಮ್ಮದೂ 10% ಪಾಲಿದೆ.

ಆಶ್ಚರ್ಯವಾಗಿದ್ದು ಬೇರೆ ವಿಷಯ. ಬ್ರಿಟನ್ ಕೊಟ್ಟ ಎಸ್1 ಇದ್ದರೆ, ಇಂಗ್ಲೆಂಡ್‌ಗೆ ಹೋದಾಗ ಅಲ್ಲಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲೂ ಉಚಿತ ಚಿಕಿತ್ಸೆ ಸಿಗುತ್ತದೆ. ನಾನು ಸುಮ್ನೆ ಹೋದ ಸಲ ಪ್ರವಾಸ ವಿಮೆಗೆ ದುಡ್ಡು ಸುರಿದಿದ್ದೆ.