ಕಲಬುರಗಿ ಬಿಸಿಲಿಗೆ ತಡೆಯುವ ಪರಿಮಳದ ಕ್ಯಾಂಡಲ್ ಯಾವುದು?

ಬಿಸಿಲೂರಿನವಳು (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಜೇವರ್ಗಿ ರಸ್ತೆ ಕಡೆ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಅಡುಗೆಮನೆಗೂ ಹಾಲ್‌ಗೂ ನಡುವೆ ಬಾಗಿಲೇ ಇಲ್ಲ. ಬೆಳಿಗ್ಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪುಂಡಿ ಪಲ್ಯದ ವಾಸನೆ, ಸಂಜೆ ನಾನು ಆಫೀಸಿನಿಂದ ಬರುವ ತನಕ ಸೋಫಾದ ಮೇಲೆ ಕೂತು ಕಾಯುತ್ತಿರುತ್ತದೆ. ರೊಟ್ಟಿ ಜೊತೆ ಚೆಂದ, ಸೋಫಾದ ಮೇಲೆ ಅಲ್ಲ. ಊದಿನಕಡ್ಡಿ ಹಚ್ಚಿದರೆ ಅತ್ತೆಗೆ ಕೆಮ್ಮು. ಹಾಗಾಗಿ ಕ್ಯಾಂಡಲ್ ಹುಚ್ಚು ಹಿಡಿದಿದೆ. ಬಜೆಟ್ 400ರಿಂದ 700 ರೂಪಾಯಿ. ಇಲ್ಲಿವರೆಗೆ ಮೂರು ನೋಡಿದೆ.

ಮೊದಲನೆಯದು ಐರಿಸ್ ಲ್ಯಾವೆಂಡರ್. ಮೈಸೂರಿನದು, ಸೈಕಲ್ ಅಗರಬತ್ತಿ ಮಾಡುವ ಎನ್. ರಂಗರಾವ್ ಗ್ರೂಪಿನದೇ. ಪರಿಮಳ ಮೆಲ್ಲಗೆ ಬರುತ್ತದೆ, ಮೂಗಿಗೆ ಹೊಡೆಯುವುದಿಲ್ಲ. ಬೆಡ್‌ರೂಮಿಗೆ ಹೇಳಿ ಮಾಡಿಸಿದ ಹಾಗಿದೆ.

ಎರಡನೆಯದು ಇಕಿಯಾದ ವೆನಿಲ್ಲಾ, ನಾದಿನಿ ಹೈದರಾಬಾದಿನಿಂದ ತಂದಳು. 2018ರಲ್ಲಿ ಆ ಅಂಗಡಿ ಶುರುವಾದಾಗಿನಿಂದ ನಮ್ಮ ಮಂದಿ ಬಿರಿಯಾನಿ ನೆಪದಲ್ಲಿ ಹೋಗಿ ಡಬ್ಬಿ, ಚಮಚ ಹೊತ್ತು ತರುತ್ತಾರೆ ಅಲ್ವಾ? ಹಚ್ಚಿದ ಅರ್ಧ ಗಂಟೆಗೆ ಮಗ ಅಡುಗೆಮನೆಗೆ ಓಡಿ ಹೋಗಿ "ಕೇಕ್ ಎಲ್ಲಿ?" ಅಂದ. ಅಷ್ಟು ಸಾಕು ನನಗೆ.

ಮೂರನೆಯದರ ಹೆಸರು ಬೇಡ. ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಸೋಯಾ ಕ್ಯಾಂಡಲ್, ಮಲ್ಲಿಗೆ, 599. ಪೆಟ್ಟಿಗೆಯ ತಳ ಬಜ್ಜಿ ಕಟ್ಟಿದ ಪೇಪರ್ ಥರ ಎಣ್ಣೆ ಎಣ್ಣೆ. ಒಳಗೆ ಮೇಣ ಕರಗಿ, ಓರೆಯಾಗಿ ಮತ್ತೆ ಗಟ್ಟಿಯಾಗಿತ್ತು. ಬತ್ತಿ ಮುಳುಗಿ ಹೋಗಿತ್ತು. ದಬ್ಬಣದಿಂದ ಕೆದಕಿ ಎಬ್ಬಿಸಿ ಹಚ್ಚಿದೆ. ಮೂರ್ನಾಲ್ಕು ಸಲ ಒಂದೊಂದು ಗಂಟೆ ಉರಿಸಿದ ಮೇಲೆ ನಡುವೆ ಬಾವಿ ತೋಡಿದ ಹಾಗಾಯಿತು, ಸುತ್ತ ಮೇಣ ಗೋಡೆಯ ಹಾಗೆ ನಿಂತಿದೆ.

ಇದೆಲ್ಲದರ ಮೇಲೆ ಫ್ಯಾನ್ ಗೋಳು. ಫ್ಯಾನ್ ಹಾಕಿದರೆ ಜ್ವಾಲೆ ಕುಣಿದು ಗಾಜಿಗೆಲ್ಲ ಮಸಿ. ಬಂದ್ ಮಾಡಿದರೆ ಕ್ಯಾಂಡಲ್‌ಗಿಂತ ಮೊದಲು ನಾವೇ ಕರಗುತ್ತೇವೆ. ಏಕಂ ಬ್ರ್ಯಾಂಡಿನ ಕ್ಯಾಂಡಲ್ ಯಾರಾದರೂ ಬಳಸಿದ್ದೀರಾ? ಸೋಯಾ ತಗೋಬೇಕಾ, ಪ್ಯಾರಾಫಿನ್ನಾ?

ಮೇಣದ ಕೈ (ಬೀದರ):

ಅಕ್ಕಾ, ನಾನು ಮನೆಯಲ್ಲೇ ಕ್ಯಾಂಡಲ್ ಮಾಡಿ ದೀಪಾವಳಿಗೆ ಮಾರುತ್ತೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಬ್ರ್ಯಾಂಡ್ ಆಮೇಲೆ, ಮೊದಲು ಮೇಣ. ಗಾಜಿನ ಲೋಟಕ್ಕೆ ಹುಯ್ಯುವ ಸೋಯಾ ಮೇಣ ಸುಮಾರು 50 ಡಿಗ್ರಿಗೆ ಕರಗುತ್ತದೆ. ಮೆತ್ತಗಾಗುವುದು ಅದಕ್ಕೂ ಮೊದಲೇ. ಮೇನಲ್ಲಿ ನಿಮ್ಮೂರಲ್ಲಿ ನೆರಳಿನಲ್ಲೇ 42-43. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಂತ ಕೊರಿಯರ್ ಗಾಡಿಯ ಒಳಗೆ ಇನ್ನೆಷ್ಟು? ಮಾಡಿದವರು ಎಷ್ಟೇ ಚೆನ್ನಾಗಿ ಮಾಡಿರಲಿ, ಅದು ಸಾರಾಗಿಯೇ ಬರುತ್ತದೆ. ಪ್ಯಾರಾಫಿನ್‌ನಲ್ಲಿ ಬೇರೆ ಬೇರೆ ದರ್ಜೆ ಇವೆ, ಗಟ್ಟಿಯದು 60 ಡಿಗ್ರಿ ತನಕ ತಡೆಯುತ್ತದೆ. ಪೆಟ್ರೋಲಿಯಂನದು ಅಂತ ಹೆದರಿಸುವವರು ಇದ್ದಾರೆ. ಬತ್ತಿ ಉದ್ದ ಬಿಟ್ಟರೆ ಸೋಯಾನೂ ಮಸಿ ಕಾರುತ್ತದೆ ಅಕ್ಕಾ. ಪ್ರತಿ ಸಲ ಹಚ್ಚುವ ಮುಂಚೆ ನೇಲ್ ಕಟರ್‌ನಿಂದ ಬತ್ತಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿ.

ಬಾವಿ ಬಿದ್ದದ್ದು ಯಾಕೆ ಅಂದರೆ, ಮೊದಲ ಸಲ ಒಂದೇ ಗಂಟೆಗೆ ಆರಿಸಿದಿರಿ. ಆಗ ಎಲ್ಲಿವರೆಗೆ ಕರಗಿತೋ ಮುಂದೆಯೂ ಅಲ್ಲಿವರೆಗೇ ಕರಗುತ್ತದೆ. 7 ಸೆಂಟಿಮೀಟರ್ ಅಗಲದ ಲೋಟ ಇದ್ದರೆ ಮೊದಲ ದಿನ ಮೂರು ಗಂಟೆ ಬಿಡಬೇಕು, ಮೇಣ ಅಂಚು ಮುಟ್ಟಬೇಕು. ನಾಲ್ಕು ಗಂಟೆ ಮೀರಿಸಬೇಡಿ. ಈಗಿನದಕ್ಕೆ ಅಲ್ಯುಮಿನಿಯಂ ಫಾಯಿಲ್ ಟೋಪಿ ಹಾಕಿ, ನಡುವೆ ರೂಪಾಯಿಗಿಂತ ದೊಡ್ಡ ತೂತು ಬಿಟ್ಟು ಒಂದೂವರೆ ಗಂಟೆ ಉರಿಸಿ. ಎದುರಿಗೇ ಕೂತಿರಿ, ಫಾಯಿಲ್ ಕಾದಿರುತ್ತದೆ.

ಇನ್ನು ರೇಟು. ಡಬ್ಬಿ ಚೆಂದ ನೋಡಿ ಮೋಸ ಹೋಗಬೇಡಿ, ಗ್ರಾಂ ಓದಿ. ಒಂದು ಬತ್ತಿಯದು ಗಂಟೆಗೆ 5-6 ಗ್ರಾಂ ತಿನ್ನುತ್ತದೆ. 80 ಗ್ರಾಂದು 450ಕ್ಕೆ ತಂದರೆ ಸುಮಾರು 15 ಗಂಟೆ, ಅಂದರೆ ಗಂಟೆಗೆ 30 ರೂಪಾಯಿ ಸುಟ್ಟಿರಿ. 200 ಗ್ರಾಂದು 650 ಕೊಟ್ಟರೂ 35 ಗಂಟೆ ಬರುತ್ತದೆ, ಗಂಟೆಗೆ 19 ದಾಟುವುದಿಲ್ಲ.

ತೊಗರಿ ಹೊಲ (ಯಾದಗಿರಿ):

ತಂಗೀ, 600 ರೂಪಾಯಿ ಕೊಟ್ಟು ಮೇಣ ಸುಡುವ ಬದಲು ಖ್ವಾಜಾ ಬಂದಾನವಾಜ್ ದರ್ಗಾದ ಹತ್ತಿರ ಹೋಗಿ ಲೋಬಾನ ತಗೊಂಡು ಬಾ. ಕೆಂಡದ ಮೇಲೆ ಒಂದು ಚಿಟಿಕೆ ಹಾಕು. ಪುಂಡಿ ಪಲ್ಯ ಅಲ್ಲ, ಒಣಮೀನಿನ ವಾಸನೆ ಇದ್ದರೂ ಓಡಿಹೋಗುತ್ತದೆ.

ಮೇಣದ ಕೈ (ಬೀದರ):

ಅಣ್ಣಾ, ಊದಿನಕಡ್ಡಿಗೇ ಕೆಮ್ಮುವ ಅತ್ತೆಗೆ ಲೋಬಾನ ಹಾಕಿಸುತ್ತೀರಾ? ಮನೆಯಲ್ಲಿ ಜಗಳ ಹಚ್ಚುವ ಕೆಲಸ ಇದು.

ತೊಗರಿ ಹೊಲ (ಯಾದಗಿರಿ):

ಅತ್ತೆ ವಿಷಯ ಓದದೆ ಬರೆದುಬಿಟ್ಟೆ. ಹಾಗಾದರೆ ಅದೇ ಅಂಗಡಿಗಳಲ್ಲಿ ಅತ್ತರು ಸಿಗುತ್ತದೆ. ಬಟ್ಟಲಲ್ಲಿ ನೀರು ಹಾಕಿ ಎರಡು ಹನಿ ಬಿಟ್ಟು, ಕೆಳಗೆ ಸಣ್ಣ ದೀಪ ಇಡುವ ಬರ್ನರ್ ಬರುತ್ತದಲ್ಲ, ಅದರಲ್ಲಿ ಹಾಕು. ಹೊಗೆ ಇಲ್ಲ.

ಎರಡನೇ ಶಿಫ್ಟ್ (ಕಲಬುರಗಿ):

ಏಕಂ ಎರಡು ಸಲ ತಂದಿದ್ದೇನೆ ಮೇಡಂ, ಎರಡೂ ಡಿಸೆಂಬರ್‌ನಲ್ಲಿ, ಹಾಳಾಗದೆ ಬಂದವು. ನನಗೆ ಹಿಡಿಸಿದ್ದು ಏನೆಂದರೆ, ಮುಚ್ಚಳ ತೆಗೆದಾಗಿನ ಪರಿಮಳವೇ ಹಚ್ಚಿದಾಗಲೂ ಇತ್ತು. ಎಷ್ಟೋ ಕ್ಯಾಂಡಲ್ ಅಂಗಡಿಯಲ್ಲಿ ಮೂಸಿದಾಗ ಘಮ ಘಮ, ಮನೆಯಲ್ಲಿ ಹಚ್ಚಿದರೆ ಬರೀ ಬೆಳಕು.

ಫ್ಯಾನ್ ಗೋಳಿಗೆ ನಾನು ಕ್ಯಾಂಡಲ್ ವಾರ್ಮರ್ ಲ್ಯಾಂಪ್ ತಂದೆ. ಮೇಲಿನಿಂದ ಬಲ್ಬಿನ ಶಾಖಕ್ಕೆ ಮೇಣ ಕರಗುತ್ತದೆ, ಬೆಂಕಿ ಇಲ್ಲ, ಮಸಿ ಇಲ್ಲ. ಕರೆಂಟ್ ಹೋದರೆ ಮಾತ್ರ ಪರಿಮಳವೂ ಹೋಯಿತು. ರೀಡ್ ಡಿಫ್ಯೂಸರ್, ಅಂದರೆ ಪರಿಮಳದ ಎಣ್ಣೆಯ ಬಾಟಲಿಯಲ್ಲಿ ಕಡ್ಡಿ ನಿಲ್ಲಿಸಿಡುವುದು, ಅದನ್ನೂ ಇಟ್ಟು ನೋಡಿದೆ, ಫ್ಯಾನ್ ಗಾಳಿಗೆ ಚೆನ್ನಾಗಿ ಹರಡುತ್ತದೆ. ಆದರೆ ಬೇಸಿಗೆಯಲ್ಲಿ ಎಣ್ಣೆ ಬೇಗ ಆರುತ್ತದೆ, ಕಡ್ಡಿ ಅರ್ಧ ತೆಗೆದಿಡಿ.

ಅಂದ ಹಾಗೆ ಅತ್ತೆಗೆ ದಮ್ಮು ಇದ್ದರೆ ಯಾವ ಪರಿಮಳವೂ ಬೇಡ. ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿ.

ಬಿಸಿಲೂರಿನವಳು (ಕಲಬುರಗಿ):

ದಮ್ಮು ಇಲ್ಲ, ಬರೀ ಹೊಗೆ ಆಗಲ್ಲ ಅವರಿಗೆ. ನಿನ್ನೆ ಫಾಯಿಲ್ ಟೋಪಿ ಹಾಕಿದೆ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಗೋಡೆ ಕುಸಿದು ಸಮ ಆಯಿತು! ಆ ಖುಷಿಯಲ್ಲಿ ಲೋಟ ಎತ್ತಿ ಅತ್ತೆಗೆ ತೋರಿಸಲು ಹೋಗಿ ಕಾದ ಮೇಣವನ್ನು ನೆಲಕ್ಕೆ ಚೆಲ್ಲಿದೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ಎಣ್ಣೆ ಕುಡಿದುಬಿಡುತ್ತದೆ. ಐಸ್ ಇಟ್ಟು, ಹಳೇ ಎಟಿಎಂ ಕಾರ್ಡಿನಿಂದ ಕೆರೆದು ಮೇಣವೇನೋ ತೆಗೆದೆ. ಅಂಗೈಯಗಲ ಕಪ್ಪು ಕಲೆ ಉಳಿದಿದೆ. ಓನರ್ ಬರುವುದು ಒಂದನೇ ತಾರೀಕಿಗೆ.

ವಾರ್ಮರ್ ದೀಪಾವಳಿಗೆ ತರುತ್ತೇನೆ. ಸದ್ಯ ಆ ಕಲೆ ಹೋಗುವುದು ಹೇಗೆ, ಅದನ್ನು ಹೇಳಿ.

ಮೇಣದ ಕೈ (ಬೀದರ):

ಕಲೆ ಮೇಲೆ ನಾಲ್ಕು ಮಡಿಕೆ ಟಿಶ್ಯೂ ಪೇಪರ್, ಅದರ ಮೇಲೆ ಸಣ್ಣ ಉರಿಯ ಇಸ್ತ್ರಿ ಪೆಟ್ಟಿಗೆ ಒಂದರ್ಧ ನಿಮಿಷ. ಪೇಪರ್ ಎಣ್ಣೆ ಎಳೆದುಕೊಳ್ಳುತ್ತದೆ. ಬದಲಿಸಿ ಬದಲಿಸಿ ಐದಾರು ಸಲ ಮಾಡಿ. ಪೂರ್ತಿ ಹೋಗದಿದ್ದರೆ ಅಲ್ಲಿ ಕಾಲೊರಸು ಹಾಕಿಬಿಡಿ.