ಪೈಥಾನ್ ಕಲಿಕೆ: 7 ಲೀಟರ್ ಹಾಲಿನ ಲೆಕ್ಕ ಕೇಳಿದರೆ ಏಳುಗಳ ಸಾಲು ಬರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಓದಿದ ವಾಣಿಜ್ಯ ಪದವೀಧರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಇತ್ತೀಚೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಆರಂಭಿಸಿದ್ದೇನೆ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ, ಆದರೆ ನಾನೇ ಬರೆಯಲು ಕುಳಿತರೆ ಕೈ ಓಡುವುದಿಲ್ಲ. ಆದ್ದರಿಂದ ನನಗೆ ಗೊತ್ತಿರುವ ಲೆಕ್ಕವನ್ನೇ ತೆಗೆದುಕೊಂಡು, ಹಾಲಿನ ಪ್ರಮಾಣವನ್ನು ಇನ್‌ಪುಟ್ ಮೂಲಕ ಕೇಳಿ ಅದನ್ನು 36 ರೂಪಾಯಿ ದರದಿಂದ ಗುಣಿಸುವ ಪುಟ್ಟ ಪ್ರೋಗ್ರಾಂ ಬರೆದೆ. 7 ಎಂದು ಕೊಟ್ಟರೆ 252 ಬರಬೇಕು. ಬಂದದ್ದು 777777 ಎಂದು ಆರಂಭವಾಗುವ ಉದ್ದನೆಯ ಸಾಲು! ಬೆಳಗಿನ 7 ಲೀಟರ್ ಮತ್ತು ಸಂಜೆಯ 5 ಲೀಟರ್ ಕೂಡಿಸಿದರೆ 75 ಎನ್ನುತ್ತದೆ. ಎರರ್ ಬಂದಿದ್ದರೆ ಹುಡುಕಬಹುದಿತ್ತು, ಅದೂ ಬರುತ್ತಿಲ್ಲ. ಇದಕ್ಕೆ ಕಾರಣವೇನು? ಜೊತೆಗೆ, ಮೌಲ್ಯಗಳನ್ನು ಇಟ್ಟುಕೊಳ್ಳುವ ವೇರಿಯೇಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1

ನೀವು ಕೇಳಿರುವುದು ಪೈಥಾನ್‌ನ ಅಡಿಪಾಯಕ್ಕೆ ಸಂಬಂಧಿಸಿದ ಪ್ರಶ್ನೆ. ಇದು ಒಮ್ಮೆ ಮನಸ್ಸಿಗೆ ಇಳಿದರೆ ಮುಂದಿನ ಅನೇಕ ಪಾಠಗಳು ಸುಲಭವಾಗುತ್ತವೆ.

ಪೈಥಾನ್‌ನಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಟೈಪ್, ಅಂದರೆ ಸಂಖ್ಯೆ, ಅಕ್ಷರ ಮುಂತಾದ ಬಗೆ, ಇರುತ್ತದೆ, ಮತ್ತು ಒಂದೇ ಚಿಹ್ನೆ ಬೇರೆ ಬೇರೆ ಟೈಪ್‌ಗಳ ಮೇಲೆ ಬೇರೆ ಬೇರೆ ಕೆಲಸ ಮಾಡುತ್ತದೆ. ಇನ್‌ಪುಟ್ ಫಂಕ್ಷನ್ (ಒಂದು ಕೆಲಸ ಮಾಡಿ ಉತ್ತರ ಹಿಂದಿರುಗಿಸುವ ಸಿದ್ಧ ಆದೇಶ) ನೀವು ಏನನ್ನೇ ಟೈಪ್ ಮಾಡಿದರೂ ಅದನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಅಕ್ಷರಗಳ ಸರಣಿಯಾಗಿಯೇ, ಹಿಂದಿರುಗಿಸುತ್ತದೆ. ನಿಮ್ಮ ಪ್ರೋಗ್ರಾಂ ಕೈಗೆ ಸಿಕ್ಕಿದ್ದು ಏಳು ಎಂಬ ಸಂಖ್ಯೆಯಲ್ಲ, 7 ಎಂಬ ಒಂದು ಅಕ್ಷರ. ಸ್ಟ್ರಿಂಗನ್ನು 36ರಿಂದ ಗುಣಿಸುವುದೆಂದರೆ ಅದನ್ನು 36 ಬಾರಿ ಒಂದರ ಪಕ್ಕ ಒಂದು ಬರೆಯುವುದು, ಎರಡು ಸ್ಟ್ರಿಂಗ್‌ಗಳನ್ನು ಕೂಡಿಸುವುದೆಂದರೆ ಅವುಗಳನ್ನು ಜೋಡಿಸುವುದು. ಇವೆರಡೂ ಭಾಷೆಯ ನಿಯಮಕ್ಕೆ ಅನುಗುಣವಾಗಿಯೇ ಇರುವುದರಿಂದ ಎರರ್ ಬರಲಿಲ್ಲ. ಬಂದ ಸಾಲನ್ನು ಎಣಿಸಿ ನೋಡಿ, ಅದರಲ್ಲಿ ಸರಿಯಾಗಿ 36 ಏಳುಗಳಿರುತ್ತವೆ.

ಪರಿಹಾರ ಸರಳವಾಗಿದೆ. ಇನ್‌ಪುಟ್‌ನಿಂದ ಬಂದುದನ್ನು ಇಂಟ್ ಫಂಕ್ಷನ್‌ಗೆ ಕೊಟ್ಟು, ಅದು ಹಿಂದಿರುಗಿಸುವ ಪೂರ್ಣಾಂಕವನ್ನು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಮುಖ್ಯ ವಿಷಯವೆಂದರೆ, ಪ್ರಿಂಟ್ ಮಾಡಿದಾಗ ಸಂಖ್ಯೆಯ 7 ಮತ್ತು ಸ್ಟ್ರಿಂಗ್‌ನ 7 ಒಂದೇ ರೀತಿ ಕಾಣುತ್ತವೆ. ಪೈಥಾನ್ ಜೊತೆಯಲ್ಲೇ ಬರುವ ಐಡಲ್‌ನ ಶೆಲ್ ಕಿಟಕಿಯಲ್ಲಿ ವೇರಿಯೇಬಲ್ ಹೆಸರನ್ನಷ್ಟೇ ಬರೆದು ಎಂಟರ್ ಒತ್ತಿ. ಸ್ಟ್ರಿಂಗ್ ಆಗಿದ್ದರೆ ಸುತ್ತಲೂ ಉದ್ಧರಣ ಚಿಹ್ನೆ ಕಾಣುತ್ತದೆ. ಅನುಮಾನ ಬಂದಾಗಲೆಲ್ಲ ಟೈಪ್ ಫಂಕ್ಷನ್‌ನಿಂದ ಕೇಳಿ ನೋಡುವ ಅಭ್ಯಾಸವನ್ನು ಇಂದಿನಿಂದಲೇ ಮಾಡಿಕೊಳ್ಳಿ.

ಉತ್ತರ 2

ಕನ್ನಡದ ಹೆಸರುಗಳ ಬಗ್ಗೆ ಹೇಳುವುದಾದರೆ, ಖಂಡಿತ ಇಡಬಹುದು. 2008ರಲ್ಲಿ ಬಿಡುಗಡೆಯಾದ ಪೈಥಾನ್ 3ರಿಂದ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ವ್ಯವಸ್ಥೆ) ಅಕ್ಷರಗಳಲ್ಲಿ ಹೆಸರಿಡಲು ಅವಕಾಶವಿದೆ, ಹೀಗಾಗಿ ದರ, ಹಾಲು, ಮೊತ್ತ ಎಂದೇ ಬರೆಯಿರಿ. ಇಫ್, ಫಾರ್, ವೈಲ್ ಮುಂತಾದ, ಭಾಷೆ ತನಗೇ ಕಾದಿರಿಸಿಕೊಂಡಿರುವ ಸುಮಾರು 35 ಕೀವರ್ಡ್‌ಗಳು ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಇರಬೇಕು. ಒಂದು ಎಚ್ಚರಿಕೆ ಬೇಕು: ಕೀಬೋರ್ಡ್‌ನಲ್ಲಿ ಅರ್ಧಾಕ್ಷರವನ್ನು ಒತ್ತಾಗದಂತೆ ಬಿಡಿಸಲು ನಾವು ಬಳಸುವ ಕಾಣದ ಚಿಹ್ನೆ ಹೆಸರಿನೊಳಗೆ ಸೇರಿದರೆ ಪೈಥಾನ್ ಒಪ್ಪುವುದಿಲ್ಲ. ಅಂಥ ಕಡೆ ಲೀಟರ್_ದರ ಎಂದು ಅಂಡರ್‌ಸ್ಕೋರ್ ಹಾಕಿ.

ಟೈಪ್‌ನ ಮಾತು ಬಂದಿರುವುದರಿಂದ ಎರಡು ಪ್ರಯೋಗಗಳನ್ನು ಮಾಡಿ ನೋಡಿ. ಕನ್ನಡ ಎಂಬ ಸ್ಟ್ರಿಂಗ್‌ನ ಉದ್ದವನ್ನು ಲೆನ್ ಫಂಕ್ಷನ್‌ನಿಂದ ಕೇಳಿದರೆ ಉತ್ತರ 5 ಎಂದು ಬರುತ್ತದೆ, ಏಕೆಂದರೆ ನಾವು ಮೂರು ಅಕ್ಷರವೆಂದು ಓದುವುದನ್ನು ಯೂನಿಕೋಡ್ ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ (್), ನ, ಡ ಎಂದು ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತದೆ. ಇನ್ನು ಇನ್‌ಪುಟ್‌ನಲ್ಲಿ ೭ ಎಂದು ಕನ್ನಡ ಅಂಕಿಯನ್ನು ಕೊಟ್ಟರೂ ಇಂಟ್ ಫಂಕ್ಷನ್ ಅದನ್ನು ಏಳು ಎಂದೇ ಅರ್ಥಮಾಡಿಕೊಳ್ಳುತ್ತದೆ. ಆದರೆ ಪ್ರೋಗ್ರಾಂ ಒಳಗೆ ನೇರವಾಗಿ ದರ = ೩೬ ಎಂದು ಬರೆದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆಯುವ ನಿಯಮ ತಪ್ಪಿದೆ ಎಂಬ ಎರರ್, ಬರುತ್ತದೆ.

ಬೇರೆ ರಾಜ್ಯದವರೊಡನೆ ಸೇರಿ ಕೆಲಸ ಮಾಡುವ ಕೋಡ್‌ನಲ್ಲಿ ಇಂಗ್ಲಿಷ್ ಹೆಸರುಗಳೇ ರೂಢಿ. ಕಲಿಯುವ ಹಂತದಲ್ಲಿ ಮಾತ್ರ ಅರ್ಥವಾಗುವ ಹೆಸರೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇಂಟ್ ಹಾಕಿದ ಮೇಲೆ 252 ಬಂದಿತು. ಆದರೆ 7.5 ಎಂದು ಕೊಟ್ಟರೆ ಕೆಂಪು ಅಕ್ಷರಗಳಲ್ಲಿ ಏನೇನೋ ಬಂದು ಪ್ರೋಗ್ರಾಂ ನಿಂತುಹೋಗುತ್ತದೆ.

ಉತ್ತರ 3

ಆ ಕೆಂಪು ಬರಹವನ್ನು ಕೊನೆಯ ಸಾಲಿನಿಂದ ಓದಲು ಆರಂಭಿಸಿ. ಎರರ್‌ನ ಹೆಸರು ಮತ್ತು ಕಾರಣ ಅಲ್ಲಿರುತ್ತವೆ, ತಪ್ಪು ಯಾವ ಸಾಲಿನಲ್ಲಿದೆ ಎಂಬುದು ಅದರ ಮೇಲಿರುತ್ತದೆ. ನಿಮಗೆ ಬಂದಿರುವುದು ವ್ಯಾಲ್ಯೂ ಎರರ್: 7.5 ಎಂಬ ಸ್ಟ್ರಿಂಗನ್ನು ಇಂಟ್ ಪೂರ್ಣಾಂಕವಾಗಿ ಓದಲಾರದು. ಅಲ್ಲಿ ದಶಮಾಂಶ ಸಂಖ್ಯೆಗಳಿಗಿರುವ ಫ್ಲೋಟ್ ಬಳಸಿದರೆ 270.0 ಎಂಬ ಉತ್ತರ ಸಿಗುತ್ತದೆ.

ಆದರೆ ನೀವು ಜನರ ಹಣದ ಲೆಕ್ಕ ಮಾಡುವವರು, ಆದ್ದರಿಂದ ಇಲ್ಲಿಗೇ ನಿಲ್ಲಿಸಬೇಡಿ. ಶೆಲ್‌ನಲ್ಲಿ 0.1 + 0.2 ಎಂದು ಬರೆದು ನೋಡಿ, 0.30000000000000004 ಎಂದು ಬರುತ್ತದೆ. ಫ್ಲೋಟ್ ಸಂಖ್ಯೆಗಳನ್ನು ಕಂಪ್ಯೂಟರ್ 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ 0.1ರಂಥ ಭಿನ್ನರಾಶಿ ಅದರಲ್ಲಿ ನಿಖರವಾಗಿ ಕೂರುವುದಿಲ್ಲ. ಹಾಲನ್ನು ಮಿಲಿಲೀಟರ್‌ನಲ್ಲಿ, ದರವನ್ನು ಪೈಸೆಯಲ್ಲಿ ಪೂರ್ಣಾಂಕಗಳಾಗಿಯೇ ಇಟ್ಟುಕೊಂಡರೆ ಈ ತೊಂದರೆ ಇರುವುದಿಲ್ಲ. ಲೀಟರಿಗೆ 36 ರೂಪಾಯಿ 40 ಪೈಸೆಯಾದರೆ 7500ನ್ನು 3640ರಿಂದ ಗುಣಿಸಿ 1000ದಿಂದ ಭಾಗಿಸಿ, 27300 ಪೈಸೆ, ಅಂದರೆ 273 ರೂಪಾಯಿ ಬರುತ್ತದೆ. ಭಾಗಿಸುವಾಗ ಒಂದು ಓರೆಗೆರೆ ಹಾಕಿದರೆ ಉತ್ತರ ಮತ್ತೆ ಫ್ಲೋಟ್ ಆಗುತ್ತದೆ. ಎರಡು ಓರೆಗೆರೆ ಹಾಕಿದರೆ ಪೂರ್ಣಾಂಕ ಬರುತ್ತದೆ, ಆದರೆ ಪೈಸೆಗಿಂತ ಚಿಕ್ಕ ಭಾಗ ಬಿಟ್ಟುಹೋಗುತ್ತದೆ. ಅದನ್ನು ಹೇಗೆ ಸರಿಹೊಂದಿಸಬೇಕೆಂಬುದನ್ನು ನಿಮ್ಮ ಸಂಘದ ರೂಢಿಯೇ ನಿರ್ಧರಿಸಬೇಕು.

ಮುಂದೆ ಒಬ್ಬ ಉತ್ಪಾದಕರ ಒಂದು ವಾರದ ಪ್ರಮಾಣಗಳನ್ನು ಲಿಸ್ಟ್‌ನಲ್ಲಿ ಹಾಕಿ, ಒಂದೊಂದನ್ನೇ ಸರದಿಯಂತೆ ತೆಗೆದುಕೊಳ್ಳುವ ಫಾರ್ ಲೂಪ್‌ನಿಂದ ಮೊತ್ತ ತೆಗೆದು, ರಿಜಿಸ್ಟರ್‌ನಲ್ಲಿ ಬರೆದಿರುವ ಮೊತ್ತಕ್ಕೆ ತಾಳೆ ನೋಡಿ. ಅದು ಹೊಂದಿದ ಮೇಲೆ, ಫ್ಯಾಟ್ ಪ್ರಮಾಣಕ್ಕೆ ತಕ್ಕಂತೆ ದರ ಬದಲಾಗುವ ಭಾಗವನ್ನು ಇಫ್ ಬಳಸಿ ಬರೆಯಿರಿ. ಎಲ್ಲಿಯಾದರೂ ತಡೆದರೆ ಕೋಡ್ ಮತ್ತು ಎರರ್‌ನ ಕೊನೆಯ ಸಾಲು ಎರಡನ್ನೂ ಇಲ್ಲೇ ಹಾಕಿ.