ಮ್ಯಾಂಡರಿನ್ ಮೀನು ಸೊರಗುತ್ತಿದೆ, ಫ್ರೋಜನ್ ಆಹಾರ ಮುಟ್ಟುತ್ತಿಲ್ಲ

ಉಪ್ಪುನೀರು:
ನನ್ನದು 120 ಲೀಟರ್ ಟ್ಯಾಂಕ್, ಮೂರು ತಿಂಗಳು ಹಳೆಯದು. 10 ಕೆಜಿ ಲೈವ್ ರಾಕ್ (ಸೂಕ್ಷ್ಮಜೀವಿಗಳಿರುವ ಸಮುದ್ರದ ಕಲ್ಲು), ನೀರಿನ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. ಜೊತೆಗೆ ಎರಡು ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ ಮೀನು. ಮ್ಯಾಂಡರಿನ್ ದಿನವಿಡೀ ಕಲ್ಲು ಕುಕ್ಕುತ್ತಿದ್ದರೂ ಹೊಟ್ಟೆ ಒಳಗೆ ಹೋಗಿದೆ. ಫ್ರೋಜನ್ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ಮುಂದೆಯೇ ಬಿದ್ದರೂ ತಿನ್ನುವುದಿಲ್ಲ. ತಾಮ್ರದ ಔಷಧಿ ಹಾಕಲೇ?

ಹವಳದಿಬ್ಬ:
ದಯವಿಟ್ಟು ಹಾಕಬೇಡಿ. ಇದಕ್ಕೆ ಹುರುಪೆಯಿಲ್ಲ, ದಪ್ಪ ಲೋಳೆಯೇ ರಕ್ಷಣೆ, ತಾಮ್ರವನ್ನು ಈ ಮೀನು ತಾಳುವುದಿಲ್ಲ. ನೀವು ಹೇಳುವ ಲಕ್ಷಣ ಹಸಿವಿನದು. ಫಿಲಿಪೈನ್ಸ್, ಇಂಡೋನೇಷ್ಯಾದ ಹವಳದಿಬ್ಬಗಳಲ್ಲಿ ಇದು ಸಂದಿಗೊಂದಿಗಳಿಂದ ಸೀಗಡಿ ಬಳಗದ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಅಲುಗಾಡದ್ದನ್ನು ಆಹಾರವೆಂದು ಗುರುತಿಸುವುದೇ ಕಷ್ಟ. ಮೂರು ತಿಂಗಳ ಟ್ಯಾಂಕಿನಲ್ಲಿ ಕೋಪೆಪಾಡ್ ಇರುವುದೇ ಕಡಿಮೆ, ಇದ್ದದ್ದನ್ನೂ ರಾಸ್ ಮುಗಿಸುತ್ತದೆ. ಮೊದಲು ರಾಸನ್ನು ಬೇರೆ ಟ್ಯಾಂಕಿಗೆ ಹಾಕಿ.

ಸಮುದ್ರಪಾಚಿ:
ಇವತ್ತೇ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸೀಗಡಿ) ಮೊಟ್ಟೆ ನೆನೆಹಾಕಿ: ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅರ್ಧ ಚಮಚ ಮೊಟ್ಟೆ, ಏರ್ ಪಂಪ್, ಬೆಳಕು, 27 ಡಿಗ್ರಿ. 24 ಗಂಟೆಗೆ ಮರಿ ಬರುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಕೆಳಗಿನ ಮರಿಗಳನ್ನು ಪೈಪಿನಿಂದ ಎಳೆದು ಬಟ್ಟೆಯಲ್ಲಿ ಸೋಸಿ, ತಕ್ಷಣ ಹಾಕಿ. ತಡಮಾಡಿದರೆ ಮರಿಯೊಳಗಿನ ಕೊಬ್ಬು ಕರಗಿ ಸತ್ವ ಹೋಗುತ್ತದೆ.

ಮೀನನ್ನು ಟ್ಯಾಂಕಿನೊಳಗೇ ಬಲೆಯ ಬ್ರೀಡಿಂಗ್ ಬಾಕ್ಸಿನಲ್ಲಿಟ್ಟು ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪಸ್ವಲ್ಪವೇ ಕೊಡಿ. ಹೊಟ್ಟೆ ತುಂಬಿಕೊಂಡ ಮೇಲೆ ಮರಿಗಳ ಜೊತೆ ಫ್ರೋಜನ್ ಮೀನಿನ ಮೊಟ್ಟೆ ಬೆರೆಸಿ, ಫ್ರೋಜನ್ ಪಾಲನ್ನು ನಿಧಾನಕ್ಕೆ ಹೆಚ್ಚಿಸಿ. ಕೆಲವು ಮೀನು ಎಷ್ಟು ಕಲಿಸಿದರೂ ಕಲಿಯುವುದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಹವಳದಿಬ್ಬ:
ಶಾಶ್ವತ ದಾರಿಯೆಂದರೆ ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಕೆಳಗಿನ ತೊಟ್ಟಿ) ಕೀಟೊ ಪಾಚಿಯ ರೆಫ್ಯೂಜಿಯಂ, ಅಂದರೆ ಮೀನುಗಳು ತಲುಪದ, ಕೋಪೆಪಾಡ್ ಬೆಳೆಯುವ ಜಾಗ. ಟಿಸ್ಬೆ ಜಾತಿಯ ಕೋಪೆಪಾಡ್ ತನ್ನಿ, ಅದು ಕಲ್ಲಿನ ಸಂದಿಯಲ್ಲಿ ಅಡಗಿ ವಂಶ ಬೆಳೆಸುತ್ತದೆ. ಟಿಗ್ರಿಯೋಪಸ್ ಜಾತಿಯದು ದಪ್ಪಗಿದ್ದು ಎದುರಿಗೇ ಓಡಾಡುವುದರಿಂದ ಬೇಗ ಖಾಲಿಯಾಗುತ್ತದೆ. ಲೈಟ್ ಆರಿಸಿ, ಪಂಪ್ ನಿಲ್ಲಿಸಿ, ಕಲ್ಲಿನ ಬುಡಕ್ಕೆ ಬಿಡಿ.

ಉಪ್ಪುನೀರು:
ಜೋಡಿ ಇಲ್ಲದ್ದಕ್ಕೂ ಸೊರಗಬಹುದೇ?

ಸಮುದ್ರಪಾಚಿ:
ಇಲ್ಲ, ಒಂಟಿಯಾಗಿಯೂ ಚೆನ್ನಾಗಿರುತ್ತದೆ. ಬೆನ್ನಿನ ಮೊದಲ ಮುಳ್ಳು ಉದ್ದವಿದ್ದರೆ ಗಂಡು. ಎರಡು ಗಂಡು ಸೇರಿಸಿದರೆ ಕಾದಾಡಿ ಒಂದು ಸಾಯುತ್ತದೆ. ಜೋಡಿಯಾದರೆ ಮುಸ್ಸಂಜೆಗೆ ಎರಡೂ ಮೈಗೆ ಮೈ ತಾಗಿಸಿ ಮೇಲಕ್ಕೇರಿ ಮೊಟ್ಟೆ ಬಿಟ್ಟು, ಥಟ್ಟನೆ ಕೆಳಗಿಳಿಯುತ್ತವೆ. ಮೊಟ್ಟೆ ತೇಲಿಹೋಗುತ್ತದೆ, ತಂದೆತಾಯಿ ಕಾಯುವುದಿಲ್ಲ. ಆದರೆ ಈ ಟ್ಯಾಂಕಿನಲ್ಲಿ ಒಂದಕ್ಕೇ ಊಟ ಸಾಲದಿರುವಾಗ ಎರಡನೆಯದು ಬೇಡ.